ಮುದಿ ಮಾವಿಗೆ ಮೂರು ವರ್ಷ



ಮಾವಿನ ಸುಗ್ಗಿ ಮುಗಿಯುತ್ತ ಬಂತು. ಏಪ್ರಿಲ್‌ನಲ್ಲಿ ರಾಮನಗರದ ಕಡೆಯಿಂದ ಶುರುವಾದ ಹಣ್ಣು, ಮೇ ತಿಂಗಳಲ್ಲಿ ಧಾರವಾಡದ ಆಪೂಸಾಗಿ, ಆಮೇಲೆ ಶ್ರೀನಿವಾಸಪುರದ ಬಾದಾಮಿ, ತೋತಾಪುರಿಯಾಗಿ ಮಂಡಿ ತುಂಬಿ, ಈಗ ಇಳಿಮುಖವಾಗಿದೆ. ಕೊನೆಯ ಲಾರಿ ಹೊರಟ ಮೇಲೆ ತೋಟದ ಕಡೆ ತಿರುಗಿ ನೋಡುವವರು ಕಡಿಮೆ. ಮತ್ತೆ ಮರದ ನೆನಪಾಗುವುದು ಪುಷ್ಯ, ಮಾಘದಲ್ಲಿ ಹೂ ಕಂಡಾಗಲೇ. ಆದರೆ ಹಳೆಯ ಮರವನ್ನು ಉಳಿಸಿಕೊಳ್ಳುವ ಕೆಲಸ ಶುರುವಾಗಬೇಕಾದದ್ದು ಹಣ್ಣು ಇಳಿದ ಈ ದಿನಗಳಲ್ಲಿ. ಅದಕ್ಕೇ ಇವತ್ತು ಆರೈಕೆ ತಪ್ಪಿದ ಹಳೆಯ ಹಣ್ಣಿನ ಮರಗಳ ಬಗ್ಗೆ, ಅದರಲ್ಲೂ ಮಾವಿನ ಬಗ್ಗೆ, ನಿಮ್ಮ ಜೊತೆ ಮಾತಾಡಬೇಕೆಂದಿದ್ದೇನೆ.

ಇಂಥ ಮರಗಳನ್ನು ನೀವೆಲ್ಲ ಕಂಡಿದ್ದೀರಿ. ನಲವತ್ತು ಐವತ್ತು ಅಡಿ ಎತ್ತರಕ್ಕೆ ಏರಿರುತ್ತವೆ. ಪಕ್ಕದ ಮರದ ಕೊಂಬೆಯೊಳಗೆ ತಮ್ಮ ಕೊಂಬೆ ಹೆಣೆದುಕೊಂಡಿರುತ್ತವೆ. ನೆತ್ತಿಯಲ್ಲಿ ಮಾತ್ರ ಹಸಿರು. ಕೆಳಗೆ ನಿಂತು ಕತ್ತೆತ್ತಿದರೆ ಒಣಗಿದ ಕಡ್ಡಿಗಳ ಕತ್ತಲೆ. ಅಲ್ಲಲ್ಲಿ ಬಂದಳಿಕೆ ಕಟ್ಟಿರುತ್ತದೆ. ಬುಡದಲ್ಲಿ ಮರದ ಹುಡಿ ಉದುರಿರುತ್ತದೆ. ಒಂದು ವರ್ಷ ಕಾಯಿ ಬಿಟ್ಟರೆ ಮುಂದಿನ ವರ್ಷ ಬರಿದು. ಬಿಟ್ಟ ಕಾಯಿಯೂ ಕೈಗೆಟುಕದ ಎತ್ತರದಲ್ಲಿರುತ್ತದೆ. ಕೀಳುವಾಗ ಬಿದ್ದು ಒಡೆಯುವುದೇ ಹೆಚ್ಚು.

ಈ ಸ್ಥಿತಿ ಒಂದೆರಡು ವರ್ಷದಲ್ಲಿ ಬಂದದ್ದಲ್ಲ. 1960ರ ದಶಕದಲ್ಲಿ ಡಾ. ಎಂ. ಎಚ್. ಮರಿಗೌಡರು ತೋಟಗಾರಿಕೆ ಇಲಾಖೆಯ ನಿರ್ದೇಶಕರಾದರು. ಮಳೆ ನಂಬಿದ ಒಣಭೂಮಿಯಲ್ಲೂ ಹಣ್ಣಿನ ಬೆಳೆ ಮಾಡಬಹುದೆಂದು ರೈತರಿಗೆ ತೋರಿಸಿಕೊಟ್ಟವರಲ್ಲಿ ಅವರು ಮೊದಲಿಗರು. ಆ ಕಾಲದಲ್ಲಿ ಮತ್ತು ಅದರ ಮುಂದಿನ ವರ್ಷಗಳಲ್ಲಿ ನೆಟ್ಟ ಮಾವಿನ ಗಿಡಗಳು ಇಂದು ಐವತ್ತರ ಆಚೀಚೆ ಇವೆ. ಹತ್ತು ಮೀಟರಿಗೊಂದರಂತೆ ಎಕರೆಗೆ ನಲವತ್ತು ಗಿಡ ಇಡುವುದು ಆಗಿನ ರೂಢಿ. ಗಿಡ ಚಿಕ್ಕದಿದ್ದಾಗ ಆ ಜಾಗ ಧಾರಾಳವಾಗಿ ಕಂಡಿತ್ತು. ಇಪ್ಪತ್ತೈದು ಮೂವತ್ತು ವರ್ಷಕ್ಕೆ ಕೊಂಬೆಗೆ ಕೊಂಬೆ ತಾಗಿತು. ಅಲ್ಲಿಂದ ಮುಂದೆ ಬಿಸಿಲಿಗಾಗಿ ಮರ ಮರಕ್ಕೂ ಪೈಪೋಟಿ. ಎಲ್ಲವೂ ಮೇಲಕ್ಕೇ ಎದ್ದವು.

ಇನ್ನೊಂದು ಕಾರಣ ನಮ್ಮ ವ್ಯವಹಾರದಲ್ಲೇ ಇದೆ. ಹೂವಿನ ಹಂತದಲ್ಲಿ, ಇಲ್ಲವೇ ಮಿಡಿ ಕಚ್ಚಿದ ಹೊತ್ತಿಗೆ, ತೋಟವನ್ನು ಒಂದು ಫಸಲಿಗೆ ಗುತ್ತಿಗೆ ಕೊಡುತ್ತೇವೆ. ಗುತ್ತಿಗೆ ಹಿಡಿದವರಿಗೆ ಈ ವರ್ಷದ ಕಾಯಿ ಮುಖ್ಯ. ಐದು ವರ್ಷದ ಮೇಲೆ ಮರ ಹೇಗಿರುತ್ತದೆ ಎನ್ನುವುದು ಅವರ ಲೆಕ್ಕಕ್ಕೆ ಬರುವುದಿಲ್ಲ. ತೋಟದ ಯಜಮಾನರು ಎಷ್ಟೋ ಸಲ ಊರಲ್ಲೇ ಇರುವುದಿಲ್ಲ. ಹೀಗೆ ಇಬ್ಬರ ನಡುವೆ ಮರಕ್ಕೆ ದಿಕ್ಕಿಲ್ಲದಂತಾಗುತ್ತದೆ. ಕೆಲವು ಕಡೆ ಹೂ ಬರಿಸಲೆಂದು ಬುಡಕ್ಕೆ ಪ್ಯಾಕ್ಲೊಬ್ಯುಟ್ರಜಾಲ್ ಎಂಬ ಬೆಳವಣಿಗೆ ತಡೆಯುವ ರಾಸಾಯನಿಕವನ್ನು ವರ್ಷ ವರ್ಷವೂ ಸುರಿಯುತ್ತಾರೆ. ಗಟ್ಟಿಮುಟ್ಟಾದ ಮರಕ್ಕೆ ಅಳತೆಯಲ್ಲಿ ಕೊಡಬೇಕಾದ ವಸ್ತು ಅದು. ಸೊರಗಿದ ಮರಕ್ಕೆ ಕೊಡಲೇಬಾರದು.

ಹೀಗೆ ಸೊರಗಿದ ಮರವನ್ನು ನೋಡಿ ಬಹಳ ಜನ ಎರಡು ತೀರ್ಮಾನಕ್ಕೆ ಬರುತ್ತಾರೆ. ಒಂದು, ಬುಡಕ್ಕೆ ಗರಗಸ ಹಾಕಿ ಸೌದೆಗೆ ಮಾರುವುದು. ಇನ್ನೊಂದು, ಆಳು ಕರೆದು ಒಂದೇ ದಿನದಲ್ಲಿ ಸಿಕ್ಕಿದ್ದೆಲ್ಲ ಕಡಿಸಿ ಬೋಳು ಮಾಡುವುದು. ಎರಡೂ ಅವಸರದ ಮಾತು. ನನ್ನ ಕೋರಿಕೆ ಇಷ್ಟೇ: ಹಳೆಯ ಮರಕ್ಕೆ ಮೂರು ವರ್ಷ ಕೊಡಿ, ಮತ್ತು ಪ್ರತಿ ಕೊಂಬೆಯನ್ನೂ ಕಡಿಯುವ ಮೊದಲು ಇದಕ್ಕೆ ಆಸರೆ ಕೊಟ್ಟು ಉಳಿಸಬಹುದೇ ಎಂದು ಒಮ್ಮೆ ಯೋಚಿಸಿ.

ಹೀಗೆ ಹೇಳಲು ಮರದ ದೇಹಧರ್ಮವೇ ಕಾರಣ. ನಮ್ಮ ಕೈಗೆ ಗಾಯವಾದರೆ ಆ ಜಾಗದಲ್ಲೇ ಹೊಸ ಮಾಂಸ, ಹೊಸ ಚರ್ಮ ಬರುತ್ತದೆ. ಮರಕ್ಕೆ ಹಾಗಿಲ್ಲ. ಕೆಟ್ಟ ಭಾಗವನ್ನು ಮರ ಸರಿಪಡಿಸುವುದಿಲ್ಲ. ಸೋರುವ ಕೋಣೆಯ ಬಾಗಿಲು ಮುಚ್ಚಿ ಗೋಡೆ ಎಬ್ಬಿಸಿದ ಹಾಗೆ, ಅದರ ಸುತ್ತ ತಡೆ ಕಟ್ಟಿ ತಾನು ಹೊರಗೆ ಹೊಸ ಪದರ ಬೆಳೆಯುತ್ತದೆ. ಅಮೆರಿಕದ ಅರಣ್ಯ ಇಲಾಖೆಯಲ್ಲಿದ್ದ ಅಲೆಕ್ಸ್ ಶೈಗೊ ಎಂಬ ವಿಜ್ಞಾನಿ ಸಾವಿರಾರು ಮರಗಳನ್ನು ಉದ್ದಕ್ಕೆ ಸೀಳಿ ನೋಡಿ ಇದನ್ನು ವಿವರವಾಗಿ ತೋರಿಸಿದರು. ನಾವು ಇಂದು ಮಾಡಿದ ಗಾಯ ಮರ ಬದುಕಿರುವಷ್ಟು ಕಾಲವೂ ಅದರೊಳಗೇ ಇರುತ್ತದೆ. ಎಳೆಯ ಮರ ಬೇಗ ತಡೆ ಕಟ್ಟಿಕೊಳ್ಳುತ್ತದೆ. ಮುದಿ ಮರಕ್ಕೆ ಅಷ್ಟು ಶಕ್ತಿ ಇರುವುದಿಲ್ಲ. ಗಾಯ ದೊಡ್ಡದಾದಷ್ಟೂ ಅದು ಮುಚ್ಚುವ ಮೊದಲೇ ಕೊಳೆ ಒಳಗೆ ಇಳಿಯುವ ಸಂಭವ ಹೆಚ್ಚು. ಎಲ್ಲಿ ಕಡಿಯಬೇಕು, ಎಷ್ಟು ಕಡಿಯಬೇಕು, ಎಲ್ಲಿ ಊರುಗೋಲು ಕೊಡಬೇಕು ಎಂಬ ಪ್ರಶ್ನೆಗಳಿಗೆಲ್ಲ ಉತ್ತರ ಈ ಒಂದು ಸಂಗತಿಯಿಂದ ಹೊರಡುತ್ತದೆ.

ಮೊದಲ ವರ್ಷದ ಕೆಲಸ ನೋಡುವುದರಿಂದ ಶುರು. ಮರದ ಸುತ್ತ ನಿಧಾನವಾಗಿ ಒಂದು ಸುತ್ತು ಬನ್ನಿ. ಬುಡದಲ್ಲಿ ಅಣಬೆ ಎದ್ದಿದೆಯೇ? ಕಾಂಡವನ್ನು ಕೊಡತಿಯಿಂದ ತಟ್ಟಿದರೆ ಪೊಳ್ಳು ಸದ್ದು ಬರುತ್ತದೆಯೇ? ಮರ ಒಂದು ಕಡೆಗೆ ವಾಲಿದ್ದರೆ ಅದು ಎಂಥ ವಾಲು? ಎಳವೆಯಲ್ಲೇ ವಾಲಿ, ಆಮೇಲೆ ನೆತ್ತಿ ನೆಟ್ಟಗೆ ಎದ್ದಿರುವ ಮರದ ಬಗ್ಗೆ ಚಿಂತೆ ಬೇಡ. ಆದರೆ ನಿನ್ನೆ ಮೊನ್ನೆಯ ಗಾಳಿಗೆ ವಾಲಿ, ಅದರ ಎದುರು ದಿಕ್ಕಿನಲ್ಲಿ ನೆಲ ಬಿರಿದು ಉಬ್ಬಿದ್ದರೆ ಬೇರು ಕಿತ್ತಿದೆ ಎಂದು ಅರ್ಥ; ಮನೆಯ ಪಕ್ಕದಲ್ಲಿ ಅಂಥ ಮರವಿದ್ದರೆ ತಡಮಾಡಬಾರದು. ಎರಡು ದಪ್ಪ ಕೊಂಬೆಗಳು ಇಕ್ಕಟ್ಟಾದ ಕೋನದಲ್ಲಿ ಒಂದಕ್ಕೊಂದು ಒತ್ತಿ ಎದ್ದಿದ್ದರೆ ಆ ಕವಲನ್ನು ಗುರುತು ಹಾಕಿಕೊಳ್ಳಿ. ಅಲ್ಲಿ ತೊಗಟೆ ಒಳಗೆ ಸಿಕ್ಕಿಕೊಂಡಿರುತ್ತದೆ, ಮರಕ್ಕೆ ಮರ ಬೆಸೆದಿರುವುದಿಲ್ಲ. ಭರಣಿ ಮಳೆಯ ಗಾಳಿಗೆ ಸೀಳುವುದು ಬಹುಮಟ್ಟಿಗೆ ಅಂಥ ಕವಲೇ.

ನೋಡಿ ಮುಗಿದ ಮೇಲೆ, ಗರಗಸ ಕೈಗೆತ್ತಿಕೊಳ್ಳುವ ಮೊದಲು ಇನ್ನೊಂದು ಕೆಲಸವಿದೆ. ಮರ ಕಸಿ ಗಿಡದ್ದಲ್ಲದೆ ವಾಟೆಯಿಂದ ಹುಟ್ಟಿದ್ದಾಗಿದ್ದರೆ, ಅದರಂಥ ಮರ ಲೋಕದಲ್ಲಿ ಇನ್ನೊಂದಿಲ್ಲ. ಮಲೆನಾಡಿನ ಹೊಳೆಯಂಚಿನ ಅಪ್ಪೆಮಿಡಿ ಮರಗಳೆಲ್ಲ ಹೀಗೆ ಹುಟ್ಟಿದವು. ಒಂದರ ಸೊನೆಯ ಪರಿಮಳ ಇನ್ನೊಂದಕ್ಕಿರುವುದಿಲ್ಲ; ಒಂದರ ಮಿಡಿ ಉಪ್ಪಿನಲ್ಲಿ ಬಾಳುವಷ್ಟು ಇನ್ನೊಂದರದು ಬಾಳುವುದಿಲ್ಲ. ಮಿಡಿ ಕೀಳುವ ಭರದಲ್ಲಿ ಕೊಂಬೆ ಸಮೇತ ಮುರಿದು ಎಷ್ಟೋ ಒಳ್ಳೆಯ ಮರಗಳು ಸೊರಗಿವೆ. ಹಿತ್ತಲ ಮಾವಿಗೂ, ಹಲಸಿಗೂ ಇದೇ ಮಾತು. ಮರದ ಆರೋಗ್ಯವಂತ ಕುಡಿ ತೆಗೆದು ಹತ್ತಿರದ ಸಸ್ಯಕ್ಷೇತ್ರದಲ್ಲಿ ಮೃದುಕಾಂಡ ಕಸಿ ಮಾಡಿಸಿ ನಾಲ್ಕು ಗಿಡ ಇಟ್ಟುಕೊಳ್ಳಿ. ಮುಂದೆ ಮರಕ್ಕೆ ಏನೇ ಆದರೂ ತಳಿ ಉಳಿಯುತ್ತದೆ.

ಇನ್ನು ಸವರುವ ಕೆಲಸ. ಮೊದಲ ವರ್ಷ ಮರದ ಜೀವಂತ ಭಾಗಕ್ಕೆ ಹೆಚ್ಚು ಕೈ ಹಾಕಬೇಡಿ. ಒಣಗಿದ್ದು, ಮುರಿದಿದ್ದು, ರೋಗ ಹತ್ತಿದ್ದು, ಒಂದಕ್ಕೊಂದು ಉಜ್ಜುತ್ತಿರುವುದು, ಇಷ್ಟನ್ನು ತೆಗೆದರೆ ಸಾಕು. ಇಷ್ಟಕ್ಕೇ ಮರ ಎಷ್ಟು ಹಗುರಾಯಿತೆಂದು ನೀವೇ ಬೆರಗಾಗುತ್ತೀರಿ. ಬಂದಳಿಕೆಯನ್ನು ಮಾತ್ರ ಬಿಡಲೇಬೇಡಿ. ಅದರ ಹಣ್ಣನ್ನು ಬದನಿಕೆ ಹಕ್ಕಿ ತಿಂದು, ಅಂಟಂಟಾದ ಬೀಜವನ್ನು ಇನ್ನೊಂದು ಕೊಂಬೆಗೆ ಒರೆಸುತ್ತದೆ. ಬೀಜ ಅಲ್ಲೇ ಮೊಳೆತು ಮರದೊಳಗೆ ಬೇರಿಳಿಸಿ ನೀರು, ಲವಣ ಹೀರುತ್ತದೆ. ಎಲೆ ಮಾತ್ರ ತರಿದರೆ ಅದು ಮತ್ತೆ ಚಿಗುರುತ್ತದೆ, ಯಾಕೆಂದರೆ ಅದರ ಬೇರು ಕೊಂಬೆಯ ಒಳಗೆ ಹರಿದಿರುತ್ತದೆ. ಕಟ್ಟಿದ ಜಾಗಕ್ಕಿಂತ ಒಂದು ಅಡಿಯಷ್ಟಾದರೂ ಬುಡದ ಕಡೆಗೆ ಬಂದು ಕೊಂಬೆಯನ್ನೇ ತೆಗೆಯಬೇಕು. ಅದೂ ಬಂದಳಿಕೆ ಹಣ್ಣಾಗುವ ಮೊದಲೇ ಆಗಬೇಕು. ನಿಮ್ಮ ತೋಟದಲ್ಲಿ ತೆಗೆದು ಪಕ್ಕದ ತೋಟದಲ್ಲಿ ಬಿಟ್ಟರೆ ಹಕ್ಕಿ ಮತ್ತೆ ತರುತ್ತದೆ. ಊರಿನವರು ಸೇರಿ ಮಾಡಬೇಕಾದ ಕೆಲಸ ಇದು.

ಕೊಂಬೆ ಕಡಿಯುವುದಕ್ಕೂ ಕ್ರಮವಿದೆ. ದಪ್ಪ ಕೊಂಬೆಗೆ ಮಚ್ಚು ಹಾಕಬಾರದು. ಮಚ್ಚಿನ ಏಟಿಗೆ ಮರ ಸಿಬಿರೊಡೆಯುತ್ತದೆ, ಆ ಸಿಬಿರಿನಲ್ಲಿ ನೀರು ನಿಲ್ಲುತ್ತದೆ. ಹರಿತವಾದ ಗರಗಸ ಬೇಕು. ಮೂರು ಕೊಯ್ತದಲ್ಲಿ ಕೊಂಬೆ ತೆಗೆಯಬೇಕು. ಕಾಂಡದಿಂದ ಒಂದೂವರೆ ಅಡಿ ಆಚೆ, ಕೊಂಬೆಯ ಕೆಳಭಾಗದಲ್ಲಿ, ಮೂರನೇ ಒಂದು ಭಾಗದಷ್ಟು ಮೊದಲ ಕೊಯ್ತ. ಅದಕ್ಕಿಂತ ಎರಡು ಬೆರಳು ಮುಂದೆ ಮೇಲಿನಿಂದ ಎರಡನೆಯದು. ಆಗ ಭಾರವೆಲ್ಲ ಬಿದ್ದುಹೋಗುತ್ತದೆ, ತೊಗಟೆ ಕಾಂಡದವರೆಗೂ ಸುಲಿದು ಬರುವುದಿಲ್ಲ. ಉಳಿದ ಮೋಟನ್ನು ಮೂರನೆಯ ಕೊಯ್ತದಲ್ಲಿ ತೆಗೆಯುವುದು.

ಆ ಮೂರನೆಯ ಕೊಯ್ತ ಎಲ್ಲಿ ಬೀಳುತ್ತದೆ ಎನ್ನುವುದು ಬಲು ಮುಖ್ಯ. ಕೊಂಬೆ ಕಾಂಡಕ್ಕೆ ಸೇರುವಲ್ಲಿ ತೊಗಟೆ ಸುಕ್ಕುಗಟ್ಟಿ ಬಳೆಯ ಆಕಾರದಲ್ಲಿ ಉಬ್ಬಿರುತ್ತದೆ. ತಡೆ ಕಟ್ಟುವ, ಗಾಯ ಮುಚ್ಚುವ ಶಕ್ತಿ ಮರಕ್ಕೆ ಇರುವುದು ಆ ಉಬ್ಬಿನಲ್ಲಿ. ಅಂದವಾಗಿ ಕಾಣಲೆಂದು ಕಾಂಡದ ಮಟ್ಟಕ್ಕೆ ನುಣ್ಣಗೆ ಕೊಯ್ದರೆ ಆ ಉಬ್ಬೇ ಹೋಗುತ್ತದೆ. ಅಡಿಯುದ್ದ ಮೋಟು ಬಿಟ್ಟರೆ ಮೋಟು ಒಣಗಿ, ಕೊಳೆತು, ಕೊಳೆಯನ್ನು ಕಾಂಡದೊಳಕ್ಕೆ ಇಳಿಸುತ್ತದೆ. ಉಬ್ಬನ್ನು ಮುಟ್ಟದೆ, ಅದರ ಹೊರಗಡೆಗೆ ತಾಗಿಕೊಂಡೇ ಕೊಯ್ಯಬೇಕು.

ಗಾಯಕ್ಕೆ ಟಾರು, ಗೋಡೆಯ ಬಣ್ಣ ಬಳಿಯುವ ಪದ್ಧತಿ ಕೆಲವು ಕಡೆ ಇದೆ. ಅದರಿಂದ ಒಳಗಿನ ಕೊಳೆ ನಿಲ್ಲುವುದಿಲ್ಲ. ನಮ್ಮ ಮಳೆಯ ನಾಡಿನಲ್ಲಿ ದೊಡ್ಡ ಗಾಯಗಳಿಗೆ ಬೋರ್ಡೋ ಮುಲಾಮು ಸಾಕು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಟ್ಟ ಸುಣ್ಣ, ಹತ್ತು ಲೀಟರ್ ನೀರು. ಎರಡನ್ನೂ ಅರ್ಧರ್ಧ ನೀರಿನಲ್ಲಿ ಬೇರೆ ಬೇರೆಯಾಗಿ ಕರಗಿಸಿಕೊಂಡು, ಮೈಲುತುತ್ತದ ನೀರನ್ನು ಸುಣ್ಣದ ತಿಳಿಗೆ ಸುರಿಯುತ್ತ ಕಲಕಬೇಕು. ಪಾತ್ರೆ ಪ್ಲಾಸ್ಟಿಕ್ಕಿನದೋ ಮಣ್ಣಿನದೋ ಇರಲಿ, ಕಬ್ಬಿಣದ್ದು ಬೇಡ. ಹೊಳೆಯುವ ಚಾಕುವನ್ನು ಸ್ವಲ್ಪ ಹೊತ್ತು ಅದ್ದಿ ತೆಗೆದರೆ ಅಲಗಿಗೆ ತಾಮ್ರದ ಕೆಂಪು ಹತ್ತಬಾರದು. ಹತ್ತಿದರೆ ಇನ್ನಷ್ಟು ಸುಣ್ಣ ಸೇರಿಸಿ. ಫ್ರಾನ್ಸಿನಲ್ಲಿ 1885ರ ಹೊತ್ತಿಗೆ ದ್ರಾಕ್ಷಿಯ ರೋಗಕ್ಕೆಂದು ಬಳಕೆಗೆ ಬಂದ ಈ ಔಷಧಿ ನಮ್ಮ ಅಡಿಕೆಯ ಕೊಳೆರೋಗಕ್ಕೆ ಒಗ್ಗಿಕೊಂಡದ್ದು, 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಲೆಸ್ಲಿ ಕೋಲ್ಮನ್ ಅವರ ಕೆಲಸದಿಂದ. ಮಲೆನಾಡಿನ ಮನೆಮನೆಗೂ ಇದು ಗೊತ್ತು. ಆದರೆ ಒಂದು ನೆನಪಿರಲಿ: ಮುಲಾಮು ಗಾಯವನ್ನು ಮಾಯಿಸುವುದಿಲ್ಲ, ಹೊರಗಿನ ಶಿಲೀಂಧ್ರವನ್ನು ಸ್ವಲ್ಪ ಕಾಲ ತಡೆಯುತ್ತದೆ. ಕೊಯ್ತ ಸರಿಯಿಲ್ಲದಿದ್ದರೆ ಯಾವ ಮುಲಾಮೂ ಮರವನ್ನು ಕಾಯದು.

ಎರಡನೆಯ ವರ್ಷದ ಕೆಲಸ ಮರದೊಳಗೆ ಬೆಳಕು ತರುವುದು. ಮಾವು ಹೂ ಬಿಡುವುದು ಬಲಿತ ರೆಂಬೆಯ ತುದಿಯಲ್ಲಿ. ಹಣ್ಣು ಇಳಿದ ಮೇಲೆ ಬಂದ ಚಿಗುರು ಮಳೆಗಾಲದಲ್ಲಿ ಬೆಳೆದು, ಬಲಿತು, ಚಳಿಗಾಲದಲ್ಲಿ ಹೂವಾಗಬೇಕು. ಆದ್ದರಿಂದ ಹಗುರ ಸವರುವಿಕೆ ಕೊಯ್ಲು ಮುಗಿದ ಕೂಡಲೇ ಆಗಬೇಕು. ತಡವಾಗಿ ಕಡಿದರೆ ಚಿಗುರು ಬಲಿಯುವ ಹೊತ್ತಿಗೆ ಹೂವಿನ ಕಾಲ ದಾಟಿರುತ್ತದೆ. ಮರದ ನಡುವೆ ನೆಟ್ಟಗೆ ಮೇಲೆದ್ದಿರುವ ಒಂದೆರಡು ಕೊಂಬೆಗಳನ್ನು ಅವು ಹುಟ್ಟಿದ ಕವಲಿನಲ್ಲೇ ತೆಗೆದರೆ ನಡು ತೆರೆದುಕೊಂಡು ಬಿಸಿಲು ಬುಡದವರೆಗೂ ಇಳಿಯುತ್ತದೆ. ಒಳಗಿನ ರೆಂಬೆಗಳೂ ಮತ್ತೆ ಎಲೆ ಹಿಡಿಯುತ್ತವೆ, ಗಾಳಿಯಾಡುವುದರಿಂದ ಬೂದಿರೋಗ, ಜಿಗಿಹುಳುಗಳ ಕಾಟವೂ ತಗ್ಗುತ್ತದೆ. ಹಸಿರಿನ ನಾಲ್ಕನೇ ಒಂದು ಭಾಗಕ್ಕಿಂತ ಹೆಚ್ಚನ್ನು ಒಂದು ವರ್ಷದಲ್ಲಿ ತೆಗೆಯಬೇಡಿ; ಮರ ತೀರ ಮುದಿಯಾಗಿದ್ದರೆ ಇನ್ನೂ ಕಡಿಮೆ. ಎಲೆಯೇ ಮರಕ್ಕೆ ಅನ್ನ ಬೇಯಿಸುವುದು. ಅದನ್ನೆಲ್ಲ ಒಮ್ಮೆಲೇ ಕಿತ್ತುಕೊಂಡರೆ ಗಾಯ ಮುಚ್ಚಲು ಬೇಕಾದ ಶಕ್ತಿ ಎಲ್ಲಿಂದ ಬರಬೇಕು?

ಇಲ್ಲಿ ಕೆಲವರಿಗೆ ಒಂದು ಪ್ರಶ್ನೆ ಏಳಬಹುದು. ಇಡೀ ಮರದ ತಲೆ ಕಡಿದು ಹೊಸದಾಗಿ ಚಿಗುರಿಸುವ ಪುನಶ್ಚೇತನದ ವಿಧಾನ ಇದೆಯಲ್ಲ, ಅದು ತಪ್ಪೇ? ತಪ್ಪಲ್ಲ, ಆದರೆ ಅದು ಎಲ್ಲ ಮರಕ್ಕೂ ಅಲ್ಲ. ಲಖನೌ ಹತ್ತಿರದ ರೆಹಮಾನ್‌ಖೇಡಾದಲ್ಲಿ ಕೇಂದ್ರೀಯ ಉಪೋಷ್ಣ ತೋಟಗಾರಿಕೆ ಸಂಸ್ಥೆ ಇದೆ. ನಮ್ಮ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಮಾವು ಕೇಂದ್ರವಾಗಿಯೇ ಅದು 1972ರಲ್ಲಿ ಶುರುವಾದದ್ದು. ಅಲ್ಲಿನ ವಿಜ್ಞಾನಿಗಳು ರೂಪಿಸಿದ ಕ್ರಮದಲ್ಲಿ, ಫಸಲು ನಿಂತುಹೋದ ಮರದ ಮುಖ್ಯ ಕೊಂಬೆಗಳನ್ನು ಡಿಸೆಂಬರ್ ಹೊತ್ತಿಗೆ ನೆಲದಿಂದ ಮೂರು ನಾಲ್ಕು ಮೀಟರ್ ಎತ್ತರದಲ್ಲಿ ಕಡಿಯುತ್ತಾರೆ. ಬೇಸಿಗೆಯ ಹೊತ್ತಿಗೆ ಒತ್ತೊತ್ತಾಗಿ ಚಿಗುರು ಬರುತ್ತದೆ. ಅದನ್ನೆಲ್ಲ ಹಾಗೇ ಬಿಡದೆ, ಕೊಂಬೆಗೆ ಎಂಟು ಹತ್ತರಂತೆ ಹೊರಮುಖವಾದ ಗಟ್ಟಿ ಚಿಗುರು ಉಳಿಸಿ ಬಾಕಿಯದನ್ನು ತೆಗೆಯುತ್ತಾರೆ. ಮೂರನೆಯ ವರ್ಷದ ಹೊತ್ತಿಗೆ ಮರ ಮತ್ತೆ ಹೂವಿಗೆ ಬರುತ್ತದೆ.

ನಲವತ್ತು ಐವತ್ತು ವರ್ಷದ, ಕಾಂಡ ಗಟ್ಟಿ ಇರುವ, ಸಾಲಿನಲ್ಲಿ ಒತ್ತಾಗಿ ಬೆಳೆದ ತೋಟದ ಮರಕ್ಕೆ ಇದು ಒಪ್ಪುತ್ತದೆ. ಆದರೆ ಹಾಗೆ ಮಾಡುವವರು ಆರೈಕೆಗೂ ಸಿದ್ಧರಿರಬೇಕು. ನೆರಳಿನಲ್ಲೇ ಇದ್ದ ತೊಗಟೆಗೆ ಬೇಸಿಗೆಯ ಬಿಸಿಲು ನೇರ ಬಿದ್ದರೆ ಅದು ಸುಟ್ಟು ಬಿರಿಯುತ್ತದೆ; ಅದಕ್ಕೆ ಕಾಂಡ, ಕೊಂಬೆಗಳಿಗೆ ಸುಣ್ಣ ಬಳಿಯಬೇಕು. ಕಡಿದ ಮರಕ್ಕೆ ಕಾಂಡ ಕೊರೆಯುವ ಹುಳು ಬಹು ಬೇಗ ಬರುತ್ತದೆ. ಬುಡದಲ್ಲಿ ಹುಡಿ ಕಂಡ ಕೂಡಲೇ ರಂಧ್ರ ಹುಡುಕಿ, ತಂತಿ ತೂರಿಸಿ ಹುಳುವನ್ನು ಕೊಂದು, ತೋಟಗಾರಿಕೆ ಅಧಿಕಾರಿಗಳು ಹೇಳಿದ ಔಷಧಿಯಲ್ಲಿ ಅದ್ದಿದ ಹತ್ತಿ ಇಟ್ಟು, ಹಸಿ ಮಣ್ಣಿನಿಂದ ಮುಚ್ಚಬೇಕು. ತಲೆ ಕಡಿದು ಮರೆತುಬಿಟ್ಟ ತೋಟಕ್ಕಿಂತ ಕಡಿಯದೇ ಬಿಟ್ಟ ತೋಟವೇ ಮೇಲು. ತೋಟದ ಆದಾಯವನ್ನೇ ನಂಬಿದವರು ಒಂದು ಸಾಲು ಬಿಟ್ಟು ಒಂದು ಸಾಲನ್ನು, ಇಲ್ಲವೇ ಒಂದೇ ಮರದಲ್ಲಿ ವರ್ಷಕ್ಕೆ ಒಂದೆರಡು ಕೊಂಬೆಯನ್ನು ಹೀಗೆ ಹಿಂದಕ್ಕೆ ತರಬಹುದು. ಫಸಲು ಪೂರ್ತಿ ನಿಲ್ಲುವುದಿಲ್ಲ. 2005-06ರಲ್ಲಿ ಶುರುವಾದ ರಾಷ್ಟ್ರೀಯ ತೋಟಗಾರಿಕಾ ಮಿಷನ್ ಹಳೆಯ ತೋಟಗಳ ಪುನಶ್ಚೇತನಕ್ಕೂ ನೆರವು ಇಟ್ಟಿತ್ತು. ಈಗಿನ ಅನುಕೂಲ ಏನಿದೆ ಎಂದು ತಾಲ್ಲೂಕು ತೋಟಗಾರಿಕೆ ಕಚೇರಿಯಲ್ಲಿ ಕೇಳಿ ನೋಡಿ.

ಆದರೆ ಮನೆಯ ಹಿತ್ತಲಲ್ಲಿ, ಗದ್ದೆಯಂಚಿನಲ್ಲಿ, ದೇವಸ್ಥಾನದ ಅಂಗಳದಲ್ಲಿ ಒಂಟಿಯಾಗಿ ನಿಂತಿರುವ ಎಂಬತ್ತು ನೂರು ವರ್ಷದ ಮರದ ತಲೆ ಮಾತ್ರ ಕಡಿಯಬೇಡಿ. ಅದರ ಕಾಂಡ ಎಷ್ಟೋ ಸಲ ಒಳಗೆ ಪೊಳ್ಳಾಗಿರುತ್ತದೆ. ಪೊಳ್ಳಾದ ಮಾತ್ರಕ್ಕೆ ಮರ ಸತ್ತಿಲ್ಲ. ಜೀವ ಇರುವುದು ಹೊರಗಿನ ಪದರದಲ್ಲಿ. ಆ ಪದರ ದಪ್ಪವಾಗಿ, ಸುತ್ತಲೂ ಬಿರುಕಿಲ್ಲದೆ ಇದ್ದರೆ ಮರ ಇನ್ನೂ ಬಹಳ ಕಾಲ ನಿಲ್ಲುತ್ತದೆ. ಪೊಟರೆಗೆ ಸಿಮೆಂಟ್ ತುಂಬಿಸಬೇಡಿ. ಗಾಳಿಗೆ ಮರ ತೂಗುತ್ತದೆ, ಸಿಮೆಂಟ್ ತೂಗುವುದಿಲ್ಲ. ಎರಡರ ನಡುವೆ ಉಜ್ಜಿ ಗಾಯ ಹೆಚ್ಚುತ್ತದೆ, ಒಳಗೆ ತೇವ ನಿಲ್ಲುತ್ತದೆ. ಪೊಟರೆಯಲ್ಲಿ ಗಿಳಿಯೋ ಗೂಬೆಯೋ ಜೇನೋ ಇರುತ್ತದೆ. ಇರಲಿ, ಅವು ಮರಕ್ಕೆ ಭಾರವಲ್ಲ. ಇಂಥ ಮರಕ್ಕೆ ಬೇಕಾದದ್ದು ಕತ್ತರಿಗಿಂತ ಹೆಚ್ಚಾಗಿ ಆಸರೆ.

ಆಲದ ಮರ ತನ್ನ ಆಸರೆಯನ್ನು ತಾನೇ ಇಳಿಬಿಟ್ಟುಕೊಳ್ಳುತ್ತದೆ. ಬೆಂಗಳೂರಿನ ಹತ್ತಿರ ರಾಮೋಹಳ್ಳಿಯ ದೊಡ್ಡ ಆಲದ ಮರದ ತಾಯಿಕಾಂಡ ರೋಗದಿಂದ 2000ದ ಸುಮಾರಿಗೆ ಹೋಯಿತು. ಬಿಳಲುಗಳೇ ಇಡೀ ಮರವನ್ನು ಹೊತ್ತು ನಿಂತಿವೆ. ಮಾವಿಗೆ, ಹಲಸಿಗೆ ಬಿಳಲಿಲ್ಲ. ಅವಕ್ಕೆ ಆಸರೆ ಕೊಡಬೇಕಾದವರು ನಾವು.

ಅಡ್ಡಡ್ಡಲಾಗಿ ಚಾಚಿ, ತನ್ನ ಭಾರಕ್ಕೇ ನೆಲದತ್ತ ಬಗ್ಗುತ್ತಿರುವ ಕೊಂಬೆಗೆ ಕವೆಗೋಲು ಕೊಡುವುದು ನಮ್ಮ ಹಿರಿಯರಿಗೆ ಗೊತ್ತಿದ್ದದ್ದೇ. ಅದನ್ನು ಸರಿಯಾಗಿ ಕೊಡಬೇಕು, ಅಷ್ಟೆ. ಕೋಲು ಕೊಂಬೆಯ ತುದಿಗೂ ಬೇಡ, ಬುಡಕ್ಕೂ ಬೇಡ. ಭಾರ ಹೆಚ್ಚಿರುವ ಕಡೆ, ಕೊಂಬೆಯ ಅರ್ಧ ದಾಟಿದ ಜಾಗದಲ್ಲಿ ನಿಲ್ಲಲಿ. ಕೋಲಿನ ಕೆಳಗೆ ಚಪ್ಪಡಿ ಕಲ್ಲು ಇಡಿ. ಇಲ್ಲದಿದ್ದರೆ ಆರಿದ್ರೆ ಮಳೆಗೆ ನೆನೆದ ನೆಲದಲ್ಲಿ ಕೋಲು ಹೂತುಹೋಗಿ ಕೊಂಬೆ ಮತ್ತೆ ಬಗ್ಗುತ್ತದೆ. ಕವೆ ಕೊಂಬೆಗಿಂತ ಅಗಲವಿರಲಿ, ನಡುವೆ ಗೋಣಿಯನ್ನೋ ಹಳೆಯ ಟೈರಿನ ತುಂಡನ್ನೋ ಹಾಸಿ. ಬಗ್ಗಿದ ಕೊಂಬೆಯನ್ನು ಹಳೆಯ ಎತ್ತರಕ್ಕೆ ಬಲವಂತವಾಗಿ ಎತ್ತಬೇಡಿ, ಬುಡದಲ್ಲಿ ಬಿರಿಯುತ್ತದೆ. ಈಗಿರುವ ಮಟ್ಟದಲ್ಲೇ ಹಿಡಿದು ನಿಲ್ಲಿಸಿದರೆ ಸಾಕು. ಬಿದಿರಾದರೆ ಒಂದೆರಡು ಮಳೆಗಾಲಕ್ಕೆ ಗೆದ್ದಲು ಹಿಡಿಯುತ್ತದೆ; ಕಾಯಂ ಆಸರೆಗೆ ದಪ್ಪ ಸರ್ವೆ ಕಂಬವೋ ಕಬ್ಬಿಣದ ಪೈಪೋ ಬೇಕು. ಕೊಂಬೆ ವರ್ಷ ವರ್ಷವೂ ದಪ್ಪಗಾಗುತ್ತದೆ. ಆದ್ದರಿಂದ ಮಳೆಗಾಲದ ಮುಂಚೆ ಒಮ್ಮೆ, ಆಮೇಲೊಮ್ಮೆ ಕವೆ ಬಿಗಿಯಾಗಿದೆಯೇ, ಕೋಲು ವಾಲಿದೆಯೇ ನೋಡಿ.

ಸೀಳುವ ಭಯವಿರುವ ಇಕ್ಕಟ್ಟು ಕವಲಿಗೆ ಕೆಳಗಿನಿಂದ ಕೋಲು ಕೊಟ್ಟು ಪ್ರಯೋಜನವಿಲ್ಲ, ಎರಡು ಕೊಂಬೆಗಳನ್ನೂ ಒಂದಕ್ಕೊಂದು ಹಿಡಿಸಬೇಕು. ಕವಲಿನಿಂದ ತುದಿಯವರೆಗಿನ ಎತ್ತರದಲ್ಲಿ ಮೂರರಲ್ಲಿ ಎರಡು ಭಾಗ ಮೇಲೆ ಉಕ್ಕಿನ ಹಗ್ಗ ಹಾಕಿದರೆ ಹಿಡಿತ ಚೆನ್ನಾಗಿರುತ್ತದೆ. ಆದರೆ ತಂತಿಯನ್ನು ಕೊಂಬೆಯ ಸುತ್ತ ಸುತ್ತಿ ಬಿಗಿಯುವುದು ಮರದ ಕೊರಳು ಬಿಗಿದಂತೆಯೇ ಸರಿ. ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವುದು ತೊಗಟೆಯ ಒಳಪದರದಲ್ಲಿ. ತಂತಿ ಆ ದಾರಿಯನ್ನೇ ಮುಚ್ಚುತ್ತದೆ. ಕೊಂಬೆಯ ನಡುವೆ ಒಂದು ತೂತು ಕೊರೆದು ಬೋಲ್ಟ್ ತೂರಿಸಿ ಅದಕ್ಕೆ ಹಗ್ಗ ಕಟ್ಟುವುದು ನೋಡಲು ಕ್ರೂರವೆನಿಸಿದರೂ ಮರಕ್ಕೆ ಅದೇ ಹಗುರವಾದ ಗಾಯ. ಬೇಲಿಯ ತಂತಿ, ಬಟ್ಟೆ ಒಣಹಾಕುವ ಹಗ್ಗ, ಉಯ್ಯಾಲೆಯ ಸರಪಳಿ ಮರದ ಸುತ್ತ ಮರೆತು ಬಿಟ್ಟಿದ್ದರೆ ಇಂದೇ ಬಿಚ್ಚಿ.

ಆಸರೆ ಮೇಲೆ ಮಾತ್ರ ಸಾಲದು, ನೆಲದೊಳಗೂ ಬೇಕು. ಮೂರನೆಯ ವರ್ಷದವರೆಗೂ ಬಿಡದೆ ಮಾಡಬೇಕಾದ ಕೆಲಸ ಬೇರಿನದು. ಬುಡದ ಸುತ್ತ ಕಾಂಕ್ರೀಟ್ ಹಾಕುವುದು, ಕಟ್ಟೆ ಕಟ್ಟಿ ಮಣ್ಣು ತುಂಬುವುದು, ಎರಡೂ ಬೇರಿನ ಉಸಿರು ಕಟ್ಟಿಸುತ್ತವೆ. ಮರದ ಕೆಳಗೆ ಟ್ರ್ಯಾಕ್ಟರ್ ಆಳವಾಗಿ ಉತ್ತರೆ ಮೇಲಿನ ಪದರದ ಬೇರು ತುಂಡಾಗುತ್ತದೆ. ಗೊಬ್ಬರವನ್ನು ಕಾಂಡಕ್ಕೆ ಒತ್ತಿ ಸುರಿಯಬೇಡಿ. ಆಹಾರ ಹೀರುವ ಎಳೆಬೇರುಗಳು ಇರುವುದು ಕೊಂಬೆಗಳ ತುದಿಯಿಂದ ಮಳೆಹನಿ ಬೀಳುವ ವೃತ್ತದ ಆಸುಪಾಸಿನಲ್ಲಿ. ಅಲ್ಲಿ ಆಳವಿಲ್ಲದ ಪಾತಿ ತೆಗೆದು, ಮರಕ್ಕೆ ಐವತ್ತು ಕಿಲೋದಷ್ಟು ಕಳಿತ ಕೊಟ್ಟಿಗೆ ಗೊಬ್ಬರ ಹಾಕಿ, ಸವರಿದ ಆರೋಗ್ಯವಂತ ಎಲೆ, ಸೊಪ್ಪುಗಳನ್ನೇ ಮೇಲೆ ಹೊದಿಸಿ. ರಾಸಾಯನಿಕ ಗೊಬ್ಬರ ಎಷ್ಟೆಂಬುದನ್ನು ಮಣ್ಣು ಪರೀಕ್ಷೆ ಹೇಳಲಿ. ಬುಡದ ತೊಗಟೆಯೇ ಕೆಟ್ಟು ಮರ ಸೊರಗಿದ್ದರೆ ಇನ್ನೊಂದು ಉಪಾಯವಿದೆ. ಮರದ ಸುತ್ತ ಮೂರು ನಾಲ್ಕು ಮಾವಿನ ಸಸಿ ನೆಟ್ಟು, ಅವು ಬೆರಳು ಗಾತ್ರವಾದ ಮೇಲೆ ಅವುಗಳ ತುದಿಯನ್ನು, ಕೆಟ್ಟ ಭಾಗಕ್ಕಿಂತ ಮೇಲೆ, ಹಳೆಯ ಕಾಂಡದ ತೊಗಟೆಯೊಳಗೆ ಕಸಿಯಾಗಿ ಕೂಡಿಸುವುದು. ಕಸಿ ಹಿಡಿದರೆ ಹಳೆಯ ಮರಕ್ಕೆ ಹೊಸ ಬೇರು ಸಿಕ್ಕಂತೆ. ಇದಕ್ಕೆ ಪಳಗಿದ ಕೈ ಬೇಕು.

ಕಸಿಯ ಮಾತು ಬಂದಾಗ ಉತ್ತರ ಪ್ರದೇಶದ ಮಲಿಹಾಬಾದಿನ ಕಲೀಮುಲ್ಲಾ ಖಾನ್ ಅವರನ್ನು ನೆನೆಯಬೇಕು. ನೂರು ವರ್ಷ ದಾಟಿದ ಒಂದೇ ಮಾವಿನ ಮರದ ಮೇಲೆ ಮುನ್ನೂರು ತಳಿಗಳನ್ನು ಕಸಿ ಕಟ್ಟಿ ಬೆಳೆಸಿದ ಅವರಿಗೆ 2008ರಲ್ಲಿ ಪದ್ಮಶ್ರೀ ಬಂತು. ನೂರು ವರ್ಷದ ಬೇರಿಗೆ ಇನ್ನೂ ಎಷ್ಟು ಸತ್ವವಿದೆ ಎನ್ನುವುದಕ್ಕೆ ಆ ಮರವೇ ಸಾಕ್ಷಿ. ನಿಮ್ಮ ಮರದ ಹಣ್ಣು ಹುಳಿಯೆಂಬ ಒಂದೇ ಕಾರಣಕ್ಕೆ ಅದನ್ನು ಉರುಳಿಸಬೇಕಾಗಿಲ್ಲ. ಸವರಿದ ಕೊಂಬೆಯಲ್ಲಿ ಬಂದ ಹೊಸ ಚಿಗುರಿಗೆ ಬೇಕಾದ ತಳಿಯ ಕುಡಿ ಕಟ್ಟಿಸಿದರೆ ಹೊಸ ಸಸಿ ನೆಟ್ಟು ಕಾಯುವುದಕ್ಕಿಂತ ಬೇಗ ಹಣ್ಣು ಸಿಗುತ್ತದೆ.

ಬೇರೆ ಹಣ್ಣಿನ ಮರಗಳ ಬಗ್ಗೆ ಒಂದೆರಡು ಮಾತು. ಸೀಬೆ ಹೊಸ ಚಿಗುರಿನಲ್ಲೇ ಹೂ ಬಿಡುತ್ತದೆ. ಅದನ್ನು ಧೈರ್ಯವಾಗಿ ಸವರಬಹುದು. ಸಪೋಟ ನಿಧಾನಕ್ಕೆ ಬೆಳೆಯುವ ಮರ. ಒಣಗಿದ್ದು ತೆಗೆದು ಬೆಳಕು ಬಿಟ್ಟರೆ ಸಾಕು. ಹಲಸು ಕಾಯಿ ಬಿಡುವುದು ಕಾಂ‍ಡದಲ್ಲಿ, ದಪ್ಪ ಕೊಂಬೆಗಳಲ್ಲಿ. ಅಲ್ಲಿ ಕೈಯಾಡಿಸಿದರೆ ಹಣ್ಣಿನ ತಾಣವನ್ನೇ ತೆಗೆದಂತೆ. ಹಲಸಿಗೆ ಒಣರೆಂಬೆ ತೆಗೆದು, ಭಾರದ ಕೊಂಬೆಗೆ ಆಸರೆ ಕೊಟ್ಟು, ಒತ್ತಾದ ಎಳೆಗಾಯಿಗಳಲ್ಲಿ ಕೆಲವನ್ನು ಗುಜ್ಜೆಯಾಗಿದ್ದಾಗಲೇ ಇಳಿಸಿಕೊಂಡು ಅಡುಗೆಗೆ ಬಳಸಿ. ಕೊಂಬೆಗೂ ಹಗುರ, ಉಳಿದ ಕಾಯಿಗೂ ಒಳ್ಳೆಯದು.

ಜಾಗ್ರತೆಯ ಮಾತನ್ನು ಹೇಳದೆ ಮುಗಿಸಲಾರೆ. ಒದ್ದೆ ತೊಗಟೆ ಜಾರುತ್ತದೆ. ಮಳೆ ಬಿಟ್ಟು ಮರ ಒಣಗಿದ ಮೇಲೆ ಹತ್ತಿ. ಸೊಂಟಕ್ಕೆ ಹಗ್ಗ ಇರಲಿ, ತಲೆಗೆ ಹೆಲ್ಮೆಟ್ ಇರಲಿ, ದಪ್ಪ ಕೊಂಬೆಯನ್ನು ಹಗ್ಗ ಕಟ್ಟಿ ಇಳಿಸಿ. ಮಾವಿನ ಸೊನೆ ಮೈ ಸುಡುತ್ತದೆ, ತೋಳು ಮುಚ್ಚುವ ಅಂಗಿ ತೊಡಿ. ವಿದ್ಯುತ್ ತಂತಿಯ ಹತ್ತಿರದ ಕೊಂಬೆಗೆ ಲೈನ್‌ಮನ್ ಬಂದು ಕರೆಂಟು ತೆಗೆಯುವವರೆಗೂ ಕೈ ಹಾಕಬೇಡಿ. ಮರ ಹತ್ತುವ ಆಳಿನ ಜೀವ ಮರಕ್ಕಿಂತ ದೊಡ್ಡದು.

ಕೊನೆಯದಾಗಿ, ತೋಟ ಗುತ್ತಿಗೆ ಕೊಡುವವರಲ್ಲಿ ಒಂದು ವಿನಂತಿ. ಒಂದು ಫಸಲಿನ ಗುತ್ತಿಗೆ ಮರವನ್ನು ಬಾಳಿಸುವುದಿಲ್ಲ. ಕೊಡುವುದಾದರೆ ಮೂರು ವರ್ಷಕ್ಕೆ ಕೊಡಿ. ಕರಾರು ಪತ್ರದಲ್ಲಿ ನಾಲ್ಕು ಮಾತು ಬರೆಸಿ: ಕೊಯ್ಲಾದ ತಿಂಗಳೊಳಗೆ ಒಣರೆಂಬೆ, ಬಂದಳಿಕೆ ತೆಗೆಯಬೇಕು, ವರ್ಷಕ್ಕೊಮ್ಮೆ ಬುಡಕ್ಕೆ ಗೊಬ್ಬರ ಹಾಕಬೇಕು, ಆಸರೆಗಳನ್ನು ನೋಡಿಕೊಳ್ಳಬೇಕು, ಯಜಮಾನರನ್ನು ಕೇಳದೆ ಬುಡಕ್ಕೆ ಯಾವ ರಾಸಾಯನಿಕವನ್ನೂ ಸುರಿಯಬಾರದು. ಇದರ ಖರ್ಚಿಗೆ ಗುತ್ತಿಗೆಯ ಹಣದಲ್ಲಿ ಸ್ವಲ್ಪ ಬಿಟ್ಟುಕೊಟ್ಟರೂ ನಷ್ಟವಿಲ್ಲ. ಮೂರನೆಯ ವರ್ಷದ ಫಸಲಿನ ಮೇಲೆ ಗುತ್ತಿಗೆದಾರರಿಗೂ ಆಸೆಯಿದ್ದರೆ ಅವರೂ ಮರವನ್ನು ತಮ್ಮದೆಂದೇ ನೋಡಿಕೊಳ್ಳುತ್ತಾರೆ. ತೋಟವೆಲ್ಲ ಒಮ್ಮೆಗೇ ಆಗದಿದ್ದರೆ ಬೇಡ. ಈ ಆಷಾಢದಲ್ಲಿ ನಿಮ್ಮ ಹತ್ತು ಹಳೆಯ ಮರಗಳನ್ನು ಆರಿಸಿ ಶುರುಮಾಡಿ. ಮುಂದಿನ ವರ್ಷ ಇನ್ನು ಹತ್ತಕ್ಕೆ ಕೈ ಹಾಕಲು ಅವೇ ನಿಮಗೆ ಧೈರ್ಯ ಕೊಡುತ್ತವೆ.